ಇಪ್ಪತ್ಮೂರು ಚೂರಿ, ಒಂದು ಬೆನ್ನು

ನಮ್ಮ ಮೊಮ್ಮಗಳು ರೇಣುಕಾಗೆ ನೌಕರಿ ಆಯ್ತು!

ಮೊನ್ನೆ ಮುಂಜಾನೆ ಚಹಾಕ್ಕೆ ಇಟ್ಟಿದ್ದೆ. ಆಕಿ ಫೋನು ಹಿಡಿದುಕೊಂಡು ಅಂಗಳದಿಂದ ಓಡಿ ಬಂದಳು. "ಆಯೀ, ಆತು! ಆರ್ಡರ್ ಬಂತು! ತಾಳಿಕೋಟಿ ಹೆಣ್ಣುಮಕ್ಕಳ ಹಾಸ್ಟೆಲ್, ಅಡಿಗಿ ಕೆಲಸ! ನಾಳೆನ ಹಾಜರ್ ಆಗಬೇಕಂತ!" ನನ್ನ ಕಣ್ಣ ಮುಂದೇ ಚಹಾ ಉಕ್ಕಿ ಒಲಿ ತುಂಬ ಹರಿಯಿತು. ಮೂವತ್ತು ವರ್ಷ ನೂರಾರು ಮಕ್ಕಳಿಗೆ ಬೇಯಿಸಿ ಹಾಕಿದವಳು ನಾನು. ಒಲಿ ಮೇಲಿನದ್ದು ಉಕ್ಕುವುದನ್ನು ನಗುತ್ತ ನಿಂತು ನೋಡಿದ್ದು ಅದೇ ಮೊದಲು.

ಆ ಹೊತ್ತಿನಿಂದ ನನ್ನ ಕಾಲಿಗೆ ನೆಲ ಹತ್ತಿಲ್ಲ ನೋಡ್ರಿ. ಹಿಂಜಿದ ಅರಳಿಯ ರಾಶಿ ಮೇಲೆ ನಡೆದ ಹಾಗೆ, ಒಂದು ಹೆಜ್ಜಿ ಇಟ್ಟರೆ ಇನ್ನೊಂದು ತಾನೇ ತೇಲಿಕೊಂಡು ಬರುತ್ತಿತ್ತು. ಓಣಿ ತುಂಬ ಸಕ್ಕರಿ ಹಂಚಿದೆ. ಎದುರುಮನಿಯಾಕಿ ಸಕ್ಕರಿ ಬಾಯಿಗೆ ಹಾಕಿಕೊಂಡು, "ಪಿಯುಸಿ ಕಲ್ತು ಅಡಿಗಿ ಕೆಲಸಕ್ಕ ಹೊಂಟಾಳಲ್ಲ ಬೇ ನಿಮ್ಮ ಹುಡುಗಿ?" ಅಂದಳು. "ಸಕ್ಕರಿ ನುಂಗಿ ಮಾತಾಡವ್ವಾ, ಗಂಟಲಾಗ ಸಿಕ್ಕೀತು" ಅಂದೆ. ಆಕಿಯೂ ನಕ್ಕಳು, ನಾನೂ ನಕ್ಕೆ. ಅವತ್ತು ನನಗೆ ಯಾರ ಮೇಲೂ ಸಿಟ್ಟು ಬರುವಂತಿರಲಿಲ್ಲ.

ಇದನ್ನು ಬರೆಯುತ್ತಿರುವುದು ರೇಣುಕಾಗೆ, ಮತ್ತು ಆಕಿಯಂತೆ ಹೊಸದಾಗಿ ಹಾಸ್ಟೆಲ್ ಅಡಿಗಿಮನಿ ಹೊಕ್ಕುವ ಹೆಣ್ಣುಮಕ್ಕಳಿಗೆ. ನಾನು ಸಾಲಿ ಕಲಿತದ್ದು ಎರಡನೇ ಕ್ಲಾಸಿನ ತನಕ. ನನ್ನ ಅಕ್ಷರ ಹಪ್ಪಳ ಒಣಗಲು ಹಾಕಿದ ಹಾಗೆ, ಒಂದು ಅಲ್ಲಿ, ಒಂದು ಇಲ್ಲಿ. ರೇಣುಕಾ ತಿದ್ದಿ ಕೊಡುತ್ತೇನೆ ಅಂದಿದ್ದಾಳೆ. ಭಾಳ ತಿದ್ದಬ್ಯಾಡ, ನನ್ನ ಮಾತು ನನ್ನ ಮಾತಿನ ಹಾಗೇ ಇರಲಿ ಅಂದಿದ್ದೇನೆ.

ಆದರೆ ಅವತ್ತು ಅಷ್ಟು ಸಂತೋಷದ ನಡುವೆ ತಾಳಿಕೋಟಿ ಅನ್ನುವ ಹೆಸರು ನನ್ನ ಎದಿಯೊಳಗೆ ಒಂದು ಕಲ್ಲಿನ ಹಳ್ಳು ಒಗೆದ ಹಾಗಾಯ್ತು. ಅದೇ ಹಾಸ್ಟೆಲಿನಲ್ಲಿ ನನ್ನ ಗೆಳತಿ ಸಿದ್ದವ್ವ ಹನ್ನೊಂದು ವರ್ಷ ದುಡಿದಳು. ಮುದ್ದೇಬಿಹಾಳದ ಮನಿಗೆ ಹತ್ತಿರದಲ್ಲೇ ಇದ್ದ ಕೆಲಸ ಬಿಟ್ಟು ಆಕಿ ದಿನಾ ಬಸ್ಸು ಹತ್ತಿ ಅಲ್ಲಿಗೆ ಹೋಗಬೇಕಾಗಿ ಬಂದದ್ದು ನನ್ನ ಒಂದು ತಪ್ಪಿನಿಂದ. ಅದು ನನಗೆ ಗೊತ್ತು, ಆಕಿಗೆ ಗೊತ್ತಿರಲಿಲ್ಲ. ಆಕಿಗೆ ಹೇಳದೆ ಮೊಮ್ಮಗಳನ್ನು ಅದೇ ಬಸ್ಸು ಹತ್ತಿಸಲು ನನಗೆ ಮನಸ್ಸು ಬರಲಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಅಡಿಗಿಮನಿಯೊಳಗೆ ಬರ್ರಿ.

ಮುದ್ದೇಬಿಹಾಳದ ಹೆಣ್ಣುಮಕ್ಕಳ ವಸತಿ ಸಾಲಿಗೆ ನಾನು ಸೇರಿದಾಗ ಅಡಿಗಿ ಕಟ್ಟಿಗಿ ಮೇಲೆ. ಬೆಳ್ಳಿ ಚಿಕ್ಕಿ ಇರುವಾಗಲೇ ಒಲಿ ಹೊತ್ತಿಸುವುದು. ಹೊಗಿಯೂ ಹಬಿಯೂ ಕೂಡಿ ಅಡಿಗಿಮನಿ ಮೋಡದೊಳಗೆ ಇದ್ದ ಹಾಗೆ ಇರುತ್ತಿತ್ತು. ಆ ಮೋಡದೊಳಗಿಂದ ಸಿದ್ದವ್ವನ ದನಿ ಬರುತ್ತಿತ್ತು. "ನೀಲಾ, ಅನ್ನ ಕೈಯಿಂದ ನೋಡಬ್ಯಾಡ, ಮೂಗಿನಿಂದ ನೋಡು. ನೀರಿನ ವಾಸನಿ ಹೋಗಿ ಅನ್ನದ ವಾಸನಿ ಬಂತಂದ್ರ ಕಟ್ಟಿಗಿ ಹಿಂದಕ್ಕ ಎಳದು ಉರಿ ಜಗ್ಗು." ನನಗಿಂತ ಆರೇಳು ವರ್ಷಕ್ಕೆ ದೊಡ್ಡಾಕಿ. ಒಂದು ಅಕ್ಷರ ಓದಲು ಬರುತ್ತಿರಲಿಲ್ಲ, ಆದರೆ ನೂರಾ ಇಪ್ಪತ್ತು ಮಕ್ಕಳ ಬ್ಯಾಳಿಗೆ ಉಪ್ಪು ಮುಟಿಗಿಯಲ್ಲೇ ಅಳೆಯುತ್ತಿದ್ದಳು.

ಉಪ್ಪಿನ ಮಾತು ಬಂತು, ಹೇಳಿಬಿಡುತ್ತೇನೆ. ಸೇರಿದ ಮೊದಲ ವಾರ ಉಪ್ಪಿಟ್ಟಿಗೆ ನಾನೂ ಉಪ್ಪು ಹಾಕಿದೆ, ಸಿದ್ದವ್ವನೂ ಹಾಕಿದಳು. ಮಕ್ಕಳು ಒಂದು ತುತ್ತು ಇಟ್ಟುಕೊಂಡು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಾಕಿ ಸಣ್ಣ ಹುಡುಗಿ, "ಆಯಿ, ಇದು ಸಮುದ್ರದ ಉಪ್ಪಿಟ್ಟೇನ್ರಿ?" ಅಂತ ಕೇಳಿದಳು. ಅವತ್ತಿನಿಂದ ಸಿದ್ದವ್ವ ಒಂದು ಕಾಯ್ದೆ ಮಾಡಿದಳು. ಉಪ್ಪು ಹಾಕಿದವರು ಬೋಗಾಣಿಗೆ ಸವುಟಿನಿಂದ ಎರಡು ಸಲ ಬಡಿಯಬೇಕು. ಟಣ್ ಟಣ್. ಹುಡುಗಿಯರಾ, ಇಬ್ಬರು ಕೂಡಿ ಅಡಿಗಿ ಮಾಡುವಲ್ಲಿ ಹೇಳಿಕೊಳ್ಳದೆ ಏನೂ ಮಾಡಬೇಡಿ. ಇಷ್ಟು ಕಲಿಯಲು ನನಗೆ ಒಂದು ವಾರ ಸಾಕಾಯ್ತು ಅಂದುಕೊಂಡಿದ್ದೆ. ಸಾಕಾಗಿರಲಿಲ್ಲ.

ನಮ್ಮ ವಾರ್ಡನ್ ಮೇಡಂ, ನಾವು ಬಾಯಾರು ಅನ್ನುತ್ತಿದ್ದೆವು, ಬಸವನ ಬಾಗೇವಾಡಿಯವರು. ಇಸ್ತ್ರಿ ಮಾಡಿದ ಸೀರಿ, ಇಸ್ತ್ರಿ ಮಾಡಿದ ಮಾತು. ಸಾರು ರುಚಿ ನೋಡುವಾಗ ಕಣ್ಣು ಮುಚ್ಚುತ್ತಿದ್ದರು. ಆ ಕಣ್ಣು ತೆರೆಯುವವರೆಗೆ ನಾವಿಬ್ಬರೂ ಉಸಿರು ಬಿಡುತ್ತಿರಲಿಲ್ಲ. ಚಲೋ ಇದ್ದರೆ "ಹೂಂ" ಅನ್ನುವರು. ಇಲ್ಲದಿದ್ದರೂ "ಹೂಂ" ಅನ್ನುವರು. ಎರಡರ ನಡುವಿನ ಫರಕು ತಿಳಿಯಲು ನನಗೆ ನಾಲ್ಕು ವರ್ಷ ಹಿಡಿಯಿತು.

ಅವರನ್ನು ಮೊದಲ ಸಲ ನಗಿಸಿದವಳು ನಾನು. ಬೇಕಂತ ಅಲ್ಲ, ತಪ್ಪಿ.

ಇತಿಹಾಸ ಕಲಿಸುವ ಬಿರಾದಾರ ಮಾಸ್ತರರು ಸಿಂದಗಿ ಕಡೆಯವರು. ಊಟದ ಮೇಲ್ವಿಚಾರಣೆಯೂ ಅವರದೇ. ಊಟದ ಸಾಲಿನಲ್ಲಿ ನಿಂತೇ ಮಕ್ಕಳಿಗೆ ಕಥಿ ಹೇಳುವರು. ಒಂದು ಸಲ ರೋಮ್ ಅನ್ನುವ ಊರಿನ ಕಥಿ ಹೇಳಿದರು. ಎರಡು ಸಾವಿರ ವರ್ಷಕ್ಕೂ ಹಿಂದಿನ ಮಾತು. ಅಲ್ಲಿ ಒಬ್ಬ ದೊಡ್ಡ ಸರದಾರ ಇದ್ದನಂತೆ. ಹೆಸರು ನನ್ನ ನಾಲಿಗಿಗೆ ಇವತ್ತಿಗೂ ಹತ್ತಿಲ್ಲ. ಕಂಡ ಕಂಡ ಸೀಮಿ ಗೆದ್ದ. ಇವ ಇನ್ನು ರಾಜನೇ ಆಗಿ ಕುಂಡ್ರುತ್ತಾನ ಅಂತ ಉಳಿದವರಿಗೆ ಹೆದರಿಕಿ ಹುಟ್ಟಿತು. ಮಾರ್ಚ್ ತಿಂಗಳ ಹದಿನೈದು ಜ್ವಾಕಿ ಅಂತ ಒಬ್ಬ ಶಕುನ ಹೇಳುವವನು ಹೇಳಿದ್ದನಂತೆ. ಕೇಳಲಿಲ್ಲ. ಅವತ್ತು ಸಭೆಗೆ ಹೋದ. ಕೂಡಿ ಉಂಡವರೇ ಸುತ್ತುಗಟ್ಟಿ ಚೂರಿ ಹಾಕಿದರು. ಮೈ ಮೇಲೆ ಇಪ್ಪತ್ಮೂರು ಗಾಯ. ಅವರೊಳಗೆ ಅವನ ಜೀವದ ಗೆಳೆಯನೂ ಒಬ್ಬ.

ನಾನು ಬಡಿಸುವ ಸವುಟು ಹಿಡಿದು ಹಾಗೇ ನಿಂತಿದ್ದೆ. "ಗೆಳೆಯಾನೂ ಕೈ ಕೊಟ್ಟನೇನ್ರಿ ಸರ?" ಅಂದೆ.

"ಕೈ ಕೊಟ್ಟ ನೀಲವ್ವ. ಆ ದಿನ ಈಗೂ ಮಂದಿ ನಗ್ತ ನಗ್ತ ನೆನೀತಾರ. ಈ ವರ್ಷ ನಾವೂ ಮಾಡೂಣು. ನಕ್ಕೋತ ಕಲ್ತ ಇಸವಿ ಪರೀಕ್ಷಾದಾಗ ಮರೆಯಂಗಿಲ್ಲ" ಅಂದರು ಮಾಸ್ತರರು.

ಮಾರ್ಚ್ ಹದಿನೈದರ ಮುಂಜಾನೆ ಅವರಿಂದ ನನಗೊಂದು ಚೀಟಿ ಬಂತು. "ನೀಲವ್ವನವರೇ, ಸಂಜೆ ನಾಲ್ಕಕ್ಕೆ ೨೩ ಚೂರಿ."

ಈಗ ನನ್ನ ಒಂದು ಗುಟ್ಟು ಹೇಳಬೇಕು. ದಾಸ್ತಾನು ವಹಿ ಬರೆಯುವುದು ನನ್ನ ಕೆಲಸವಾಗಿತ್ತು. ಉದ್ದ ಹೆಸರು ಬರೆಯಲು ನನಗೆ ಬ್ಯಾಸರ. ಮೊದಲಿನ ಅಕ್ಷರ, ಕೊನಿಯ ಅಕ್ಷರ, ಮುಗಿಯಿತು. ಕೊತ್ತಂಬರಿ ಅಂದರೆ 'ಕೊರಿ'. ಚುರಮುರಿ ಅಂದರೆ 'ಚುರಿ'. ಹ್ರಸ್ವ ದೀರ್ಘ ನನಗೆ ಎಂದೂ ಒಲಿದಿಲ್ಲ, ಹಾಗಾಗಿ ಒಮ್ಮೆ ಚುರಿ, ಒಮ್ಮೆ ಚೂರಿ. ಆ ವಹಿ ವಾರಕ್ಕೊಮ್ಮೆ ನೋಡಿ ಸಹಿ ಹಾಕುತ್ತಿದ್ದವರು ಇದೇ ಮಾಸ್ತರರು. ನನ್ನ ಭಾಷಿಯಲ್ಲೇ ಬರೆದು ಕಳಿಸಿದ್ದಾರೆ ಅಂತ ನಾನು ಹಿಗ್ಗಿದೆ. ನಮ್ಮ ಅಡಿಗಿಮನಿಯಲ್ಲಿ ಇದ್ದದ್ದಾದರೂ ಏನು? ಎರಡು ಈಳಿಗಿ, ಒಂದು ಮೊಂಡ ಚೂರಿ. ಬುದ್ಧಿ ನೆಟ್ಟಗಿದ್ದವರು ಇಪ್ಪತ್ಮೂರು ಚೂರಿ ಕೇಳುತ್ತಾರೇನು?

"ಇಪ್ಪತ್ಮೂರು ಸೇರು ಚುರಮುರಿ?" ಸಿದ್ದವ್ವ ಕಣ್ಣು ಅಗಲ ಮಾಡಿದಳು. "ಮಾಸ್ತರಗ ಏನ್ ದೆವ್ವ ಬಡದೈತೇನ ಬೇ?"

"ಪರೀಕ್ಷಾ ಹತ್ರ ಬಂತಲ್ಲ ಯಕ್ಕಾ. ಓದಿ ಓದಿ ಹುಡುಗ್ಯಾರಿಗಿ ಹಸಿವು ಹೆಚ್ಚಾಗಿರಬೇಕು."

ಶೇಂಗಾ, ಪುಠಾಣಿ, ಬಳ್ಳೊಳ್ಳಿ, ಕರಿಬೇವು ಹಾಕಿ ಭರ್ಜರಿ ಒಗ್ಗರಣಿ ಕೊಟ್ಟೆವು. ಅರಿಷಿಣ ಹತ್ತಿದ ಚುರಮುರಿ ಬುಟ್ಟಿಯಲ್ಲಿ ಬಂಗಾರದ ಗುಡ್ಡದ ಹಾಗೆ ಕುಂತಿತ್ತು. ಮೇಲೊಂದು ಅರಿವಿ ಹೊಚ್ಚಿ ಇಬ್ಬರೂ ಹೊತ್ತುಕೊಂಡು ಹೋದೆವು.

ಅಂಗಳದ ಬೇವಿನ ಗಿಡದ ಕೆಳಗೆ ಸಾಲಿಯೆಲ್ಲ ಸುತ್ತುಗಟ್ಟಿ ನಿಂತಿತ್ತು. ನಡುವೆ ಒಂದು ಸ್ಟೂಲು. ಅದರ ಮೇಲೆ ಹೊಳಿದಂಡಿಯಿಂದ ತರಿಸಿದ ಇಷ್ಟು ದೊಡ್ಡ ಕಲ್ಲಂಗಡಿ. ಅದಕ್ಕೆ ಮಾಸ್ತರರ ಬಿಳಿ ಧೋತರ ಸುತ್ತಿ, ತಲಿ ಮೇಲೆ ಬೇವಿನ ಚಿಗುರಿನ ಕಿರೀಟ ಇಟ್ಟಿದ್ದರು. ಸರದಾರ! ಇಪ್ಪತ್ಮೂರು ಮಂದಿ ಒಬ್ಬೊಬ್ಬರೂ ಚೂರಿ ಹಾಕಬೇಕು, ಹೋಳು ಮಾಡಿ ಎಲ್ಲರೂ ತಿನ್ನಬೇಕು, ಇದು ಅವರ ಲೆಕ್ಕ.

"ಚೂರಿ ಬಂದ್ವೇನ್ರಿ ನೀಲವ್ವ?" ಮಾಸ್ತರರು ನಾಟಕದ ದನಿ ತೆಗೆದು ಕೇಳಿದರು.

"ಇಪ್ಪತ್ಮೂರೂ ಬಂದಾವ್ರೀ ಸರ. ಬಿಸಿಬಿಸಿ ಅದಾವ್ರಿ" ಅಂದು ನಾನು ಅರಿವಿ ತೆಗೆದೆ.

ಬೇವಿನ ಹೂವು ಒಂದೊಂದೇ ಬುಟ್ಟಿಯೊಳಗೆ ಬೀಳುತ್ತಿದ್ದವು. ಆಮೇಲೆ ಮೊದಲು ನಕ್ಕವರು ಯಾರು ಗೊತ್ತೇನು? ವಾರ್ಡನ್ ಬಾಯಾರು. ಸೆರಗು ಬಾಯಿಗಿಟ್ಟುಕೊಂಡರೂ ನಗು ನಿಲ್ಲಲಿಲ್ಲ. ಅವರ ಹಿಂದೆ ಸಾಲಿಗೆ ಸಾಲಿಯೇ ನಕ್ಕಿತು. ನನ್ನ ತಪ್ಪು ನನಗೆ ತಿಳಿದು ನೆಲ ಬಿರಿಯಬಾರದೇ ಅನ್ನಿಸಿತು. ಆದರೆ ಮಾಸ್ತರರು ಬುಟ್ಟಿಗೆ ಕೈ ಹಾಕಿ ಒಂದು ಮುಟಿಗಿ ಚುರಮುರಿ ತೆಗೆದು, ಕಲ್ಲಂಗಡಿಯ ಬೆನ್ನ ಹಿಂದೆ ಹೋಗಿ, "ತಗೋ ಸರದಾರಾ, ಇದು ನನ್ನ ಚೂರಿ!" ಅಂತ ಒಗೆದರು. ಒಬ್ಬರಾದ ಮೇಲೆ ಒಬ್ಬರು. ಇಪ್ಪತ್ಮೂರು ಮುಟಿಗಿ. ಸಣ್ಣ ಮಳಿ ಬಿದ್ದ ಸಪ್ಪಳ. ಕೆಳಗೆ ಬಿದ್ದದ್ದಕ್ಕೆ ಗುಬ್ಬಿಗಳು ಇಳಿದು ಬಂದವು. ಆ ಸಂಜಿಯ ಬಿಸಿಲು, ಆ ಗುಬ್ಬಿ, ಆ ಬಿಳಿ ಧೋತರ, ಈಗಲೂ ಕಣ್ಣು ಮುಚ್ಚಿದರೆ ನನಗೆ ಅದರೊಳಗೆ ಹೋಗಿ ಬರಲು ಆಗುತ್ತದೆ.

ಮರುವರ್ಷದಿಂದ ಅದು ನಮ್ಮ ಸಾಲಿಯ ಪದ್ಧತಿಯೇ ಆಯ್ತು. ಕೈ ಕೊಟ್ಟ ದಿನ ಅಂತ ಹೆಸರು. ಮಾಸ್ತರರು ಕಾಯ್ದೆ ಮಾಡಿದರು. ವರ್ಷದೊಳಗೆ ಯಾರಿಗೆ ಕೈ ಕೊಟ್ಟಿದ್ದೀರಿ, ಹಿಂದಿನಿಂದ ಬಂದು ಅವರ ಬೆನ್ನಿಗೆ ಒಂದು ಮುಟಿಗಿ ಚುರಮುರಿ ಒಗೆಯಬೇಕು. ಏನು ಮಾಡಿದ್ದೆ ಅಂತ ಬಾಯಿ ಬಿಟ್ಟು ಹೇಳಬೇಕು. ಅವರು ಸಿಟ್ಟಾಗುವ ಹಾಗಿಲ್ಲ. ಆಮೇಲೆ ಕಲ್ಲಂಗಡಿ ಒಡೆದು ಕೂಡಿ ತಿನ್ನಬೇಕು. ಅಲ್ಲಿಗೆ ಆ ಮಾತು ಮುಗಿಯಿತು.

ಏನೇನು ಹೊರಗೆ ಬರುತ್ತಿತ್ತು ಅಂತೀರಿ! ಆಟದ ಬಾಯಾರು ಲೆಕ್ಕದ ಬಾಯಾರಿಗೆ ಒಗೆದು, "ನಿಮ್ಮ ಛತ್ರಿ ಕಳದಿಲ್ರಿ, ನಾ ಮುರದು ಅಟ್ಟದ ಮ್ಯಾಲ ಇಟ್ಟೀನಿ" ಅಂದರು. ವಾರ್ಡನ್ ಬಾಯಾರು ಒಂದು ವರ್ಷ ತಾವಾಗಿ ಎದ್ದು ಬಂದು ಮಾಸ್ತರರ ಬೆನ್ನಿಗೆ ಒಗೆದರು. "ನಿಮ್ಮ ರಜಾ ಅರ್ಜಿ ಮ್ಯಾಲಿನವರು ಒಪ್ಪಲಿಲ್ಲ ಅಂದಿದ್ನಲ್ರಿ? ನಾ ಕಳಿಸೇ ಇರಲಿಲ್ಲ, ಮರತಿದ್ದೆ." ಸಿದ್ದವ್ವ ನನ್ನ ಬೆನ್ನಿಗೆ ಒಗೆದದ್ದು ಇದು: "ಪಂಚಮಿ ದಿನ ನಿನ್ನ ಗಂಡ ಕೇಳಾಕ ಬಂದಾಗ ನೀಲಾ ಸಂತಿಗಿ ಹೋಗ್ಯಾಳ ಅಂತ ಹೇಳಬೇಕಿತ್ತಲ್ಲ? ಜೋಕಾಲಿ ಆಡಾಕ ಹೋಗ್ಯಾಳ ಅಂತ ಖರೇನ ಹೇಳಿಬಿಟ್ಟೆ ಬೇ." ನಗದವರು ಯಾರು!

ವರ್ಷಗಳು ಹಬಿಯ ಹಾಗೆ ಏರಿ ಹೋದವು. ಕಟ್ಟಿಗಿ ಹೋಗಿ ಗ್ಯಾಸು ಬಂತು. ಮೊದಲ ದಿನ ಅದರ ನೀಲಿ ಉರಿ ನೋಡಿ, ಹೊಗಿ ಇಲ್ಲದ ಬೆಂಕಿಗೆ ಸಿಟ್ಟು ಇರುವುದಿಲ್ಲ, ಅನ್ನ ಹೆಂಗ ಬೇಯುತ್ತದೆ ಅಂತ ಸಿದ್ದವ್ವ ನಂಬಲಿಲ್ಲ. ಗ್ವಾಡಿ ಮೇಲೆ ಯಾವ ದಿನ ಏನು ಅಡಿಗಿ ಅನ್ನುವ ಹಾಳಿ ಬಂತು. ಹೆಬ್ಬೆಟ್ಟು ಒತ್ತಿದರೆ ಹಾಜರಿ ತೋರಿಸುವ ಡಬ್ಬಿ ಬಂತು. ಈರುಳ್ಳಿ ಹೆಚ್ಚಿ ಹೆಚ್ಚಿ ಸವೆದ ನನ್ನ ಹೆಬ್ಬೆಟ್ಟನ್ನು ಅದು ಗುರುತೇ ಹಿಡಿಯುತ್ತಿರಲಿಲ್ಲ. ಮೂರು ದಿನ ಕೆಲಸ ಮಾಡಿದರೂ ನಾನು ಬಂದಿಲ್ಲ ಅಂತ ಹೇಳಿತು. ರೇಣುಕಾ, ನಿನ್ನ ಬೆರಳು ಸವೆಯುವ ಮೊದಲು ಅದಕ್ಕೆ ಚಲೋತ್ನಾಗಿ ಪರಿಚಯ ಮಾಡಿಸಿಕೋ.

ಈಗ ಆ ಮಾತು.

ನನ್ನ ತವರು ಇಂಡಿ ತಾಲೂಕಿನ ಹೊರ್ತಿ. ಒಂದು ಸಲ ನನ್ನ ತಮ್ಮ ಒಂದು ಚೀಲ ಲಿಂಬಿಹಣ್ಣು ಕಳಿಸಿದ. ತವರಿನ ಲಿಂಬಿ ಅಂದರೆ ಮೂಗಿಗೆ ಹಿಡಿದರೇ ಊರು ಕಾಣುತ್ತದೆ. ಮಕ್ಕಳಿಗೆ ಉಪ್ಪಿನಕಾಯಿ ಹಾಕೋಣ ಅಂತ ಕುಂತೆ. ಸಿದ್ದವ್ವ ಅವತ್ತು ರಜಾ ಇದ್ದಳು. ಕಲಸಲು ದೊಡ್ಡ ಪಾತ್ರಿ ಬೇಕಿತ್ತು. ಕೈಗೆ ಸಿಕ್ಕಿದ್ದು ಹಾಲಿನ ಬೋಗಾಣಿ. ಅದರೊಳಗೇ ಕಲಸಿ ಬರಣಿಗೆ ತುಂಬಿದೆ. ಹೊತ್ತಾಗಿತ್ತು. ಬರೇ ನೀರು ಹಾಕಿ ಅಲ್ಲಾಡಿಸಿ ಬೋರಲು ಹಾಕಿ ಮನಿಗೆ ಹೋದೆ.

ಮರುದಿನ ಮುಂಜಾನೆ ತಪಾಸಣಿಗೆ ಒಬ್ಬ ಸಾಹೇಬರು ಬರುವವರಿದ್ದರು. ಹಾಲಿನ ಪಾಳಿ ಎಂದಿನಂತೆ ಸಿದ್ದವ್ವನದು. ತೊಳೆದಿಟ್ಟ ಪಾತ್ರಿ ಅಂತ ಆಕಿ ಒಂದು ಚೊಂಬು ನೀರು ಸುತ್ತಾಡಿಸಿ ಹಾಲು ಹೊಯ್ದು ಒಲಿ ಮೇಲಿಟ್ಟಳು. ಸಾಹೇಬರು ಒಳಗೆ ಬಂದು ನಿಂತ ಹೊತ್ತಿಗೇ ಹಾಲು ಒಡೆಯಿತು. ಬಿಳಿ ಗೆಡ್ಡಿ, ತಿಳಿ ನೀರು. ಮಕ್ಕಳು ಲೋಟ ಹಿಡಿದು ಸಾಲಾಗಿ ನಿಂತಿದ್ದರು.

"ಯಾರ ಪಾಳಿ ಇದು?" ವಾರ್ಡನ್ ಬಾಯಾರ ಮುಖ ಕೆಂಪಾಗಿತ್ತು.

"ನಂದ್ರೀ ಬಾಯಾರ" ಅಂದಳು ಸಿದ್ದವ್ವ. "ಬೋಗಾಣಿ ತೊಳದೆನ್ರಿ. ಸರಿಯಾಗಿ ತೊಳದಿಲ್ಲ ಕಾಣಸ್ತೈತ್ರಿ."

"ಇಷ್ಟು ವರ್ಷ ಆಗಿ ನಿನ್ನ ಕೈ ಸ್ವಚ್ಛ ಇಲ್ಲ ಅಂದ್ರ ಮಕ್ಕಳನ್ನ ಹ್ಯಾಂಗ ಬಿಡ್ಲಿ ನಿನ್ನ ಕೈಯಾಗ?"

ನಾನು ಮೂರು ಮಾರು ದೂರದಲ್ಲಿ ಈಳಿಗಿ ಮುಂದೆ ಕುಂತಿದ್ದೆ. ಲಿಂಬಿಯ ವಾಸನಿ ನನ್ನ ಮೂಗಿಗೆ ಬಂದಿತ್ತು. ನನ್ನ ಕೆಲಸ ಆಗಿನ್ನೂ ಕಾಯಂ ಆಗಿರಲಿಲ್ಲ. ಅದನ್ನು ಕಾರಣ ಅಂತ ಹೇಳಬಹುದು. ಆದರೆ ಖರೇ ಅಂದರೆ ನನ್ನ ಬಾಯಿ ತೆರೆಯಲಿಲ್ಲ, ಅಷ್ಟೇ. ಎಂಟು ದಿನಕ್ಕೆ ಸಿದ್ದವ್ವಗೆ ತಾಳಿಕೋಟಿಗೆ ವರ್ಗ ಆಯ್ತು. ಸವುಟು ನನ್ನ ಕೈಗೆ ಕೊಟ್ಟು, "ಚಂದಾಗಿ ನಡಸ್ಕೊಂಡ ಹೋಗ ನೀಲಾ" ಅಂದು ಹೋದಳು.

ಆ ವರ್ಷ ಮಾರ್ಚ್ ಹದಿನೈದು ಬಂತು. ಮಾಸ್ತರರು ಬುಟ್ಟಿ ನನ್ನ ಮುಂದೆ ಹಿಡಿದರು. ಒಂದು ಮುಟಿಗಿ ತೆಗೆದುಕೊಂಡೆ. ಒಗೆಯಬೇಕಾದ ಬೆನ್ನು ತಾಳಿಕೋಟಿಯಲ್ಲಿತ್ತು. "ಯಾರಿಗ್ರೀ ನೀಲವ್ವ?" ಅಂದರು. ಏನೋ ಒಂದು ಸಣ್ಣ ಸುಳ್ಳು ಹುಟ್ಟಿಸಿ ಆಟದ ಬಾಯಾರಿಗೆ ಒಗೆದೆ. ಹಾಗೇ ಪ್ರತಿ ವರ್ಷ. ಖರೇದು ಹೇಳುವ ದಿನದಂದು ಸುಳ್ಳು ಹೇಳಿದವಳು ಆ ಸಾಲಿಯಲ್ಲಿ ನಾನೊಬ್ಬಳೇ.

ಸಿದ್ದವ್ವ ಮನಿ ಬಿಟ್ಟಿರಲಿಲ್ಲ. ಮುದ್ದೇಬಿಹಾಳದಿಂದ ಮೊದಲ ಬಸ್ಸಿಗೆ ಹೋಗುವುದು, ಸಂಜಿಗೆ ಬರುವುದು. ಆಗಾಗ ಬಸ್‌ ಸ್ಟ್ಯಾಂಡಿನಲ್ಲಿ ಸಿಗುತ್ತಿದ್ದಳು. ನನ್ನ ಕಂಡರೆ ದೂರದಿಂದಲೇ ಕೈ ಬೀಸುವಳು. ಒಂದು ದಿನ ನಗುತ್ತಲೇ ಹೇಳಿದಳು: "ಅಲ್ಲಿ ಹಾಲಿನ ಬೋಗಾಣಿ ಮೂರು ಸಲ ತೊಳೀತೀನ ಬೇ. ಮೂರು! ನನ್ನ ಕೈ ಹಾಲಿಗಿ ಒಗ್ಗಂಗಿಲ್ಲ ನೋಡು." ಆಮೇಲೆ ಯಾರದೋ ಮನಿಯ ಮದುವಿಯಲ್ಲಿ ಹಾಲು ಕಾಸಲು ಕರೆದರೆ, "ಬ್ಯಾಡ್ರಿ, ನಾ ರೊಟ್ಟಿ ಬಡೀತೀನಿ" ಅಂತ ದೂರ ಸರಿದದ್ದನ್ನು ನಾನೇ ನೋಡಿದೆ. ನನಗೆ ಅನ್ನದ ವಾಸನಿ ಕಲಿಸಿದ ಕೈ ಅದು.

ಆಕಿ ನಿವೃತ್ತಿ ಆದಳು. ಕೆಲವು ವರ್ಷಕ್ಕೆ ನಾನೂ ಆದೆ. ಮಾಸ್ತರರೂ ಸಿಂದಗಿಗೆ ಹೋದರು. ಹಾಗೆ ಹಾಗೆ ಕಾಲ ಹೋಗಿ, ಮೊನ್ನೆ ರೇಣುಕಾ ತಾಳಿಕೋಟಿ ಅಂದಳು.

"ಸಿದ್ದವ್ವಾಯಿನ ಊಟಕ್ಕ ಕರೀ ಆಯಿ" ಅಂದಳು ಅದರ ಹಿಂದೆಯೇ. "ಅಲ್ಲಿ ಅಡಿಗಿಮನಿ ಹೆಂಗೈತಿ, ಏನೈತಿ ಅಕಿನ ಹೇಳ್ಕೊಡ್ತಾಳ." ಕರೆದೆ. ಮಧ್ಯಾಹ್ನಕ್ಕೇ ಬಂದಳು, ಸೆರಗಿನಲ್ಲಿ ರೇಣುಕಾಗೆ ಒಂದು ಹೊಸ ಸವುಟು ಕಟ್ಟಿಕೊಂಡು. "ನಿನ್ನ ಮೊಮ್ಮಗಳಲ್ಲ ಇಕಿ, ನನ್ನ ಮೊಮ್ಮಗಳು. ನನ್ನ ಗಾದಿಗಿ ಹೊಂಟಾಳ" ಅಂತ ಆಕಿಯ ಗಲ್ಲ ಹಿಂಡಿದಳು.

ಹೋಳಿಗಿ ಮಾಡಬೇಕು ಅಂತ ಆಗಿತ್ತು. ಸೊಸಿ ಕಸ್ತೂರಿ ಹೂರಣ ರುಬ್ಬಿಕೊಟ್ಟಳು, ನಾನು ಲಟ್ಟಿಸಿದೆ, ಸಿದ್ದವ್ವ ಒಲಿ ಮುಂದೆ ನಿಂತು ಬೇಯಿಸುತ್ತಿದ್ದಳು. ಬೆಲ್ಲ, ಯಾಲಕ್ಕಿ, ತುಪ್ಪದ ವಾಸನಿ. ಕಿಡಕಿಯಿಂದ ಇಳಿಬಿಸಿಲು. ನಾನು ಲಟ್ಟಣಿಗಿ ಹಿಡಿದು ತಲಿ ಎತ್ತಿದೆ. ಮುಂದೆ ಸಿದ್ದವ್ವನ ಬೆನ್ನು ಇತ್ತು. ಸ್ವಲ್ಪ ಬಾಗಿದೆ ಈಗ. ಅಷ್ಟು ವರ್ಷ ನನ್ನ ಮುಟಿಗಿಗೆ ಸಿಗದ ಬೆನ್ನು ಒಂದು ಕೈ ಅಳತಿಯಲ್ಲಿತ್ತು.

ಮಾರ್ಚ್ ಹದಿನೈದು ಅಲ್ಲ ಅವತ್ತು. ಸಿಟ್ಟಾಗಬಾರದು ಅನ್ನುವ ಕಾಯ್ದೆ ಇರಲಿಲ್ಲ. ಕಾಯ್ದೆ ಇಲ್ಲದ ದಿನವೇ ಹೇಳಬೇಕು ಅನ್ನಿಸಿತು.

"ಸಿದ್ದಕ್ಕಾ" ಅಂದೆ. "ಆ ಹಾಲು ನಿನ್ನ ಕೈಯಿಂದ ಒಡದಿಲ್ಲ."

"ಯಾವ ಹಾಲ?" ಆಕಿ ತಿರುಗಲಿಲ್ಲ.

"ಸಾಹೇಬ್ರು ಬಂದಾಗಿಂದು. ಹಿಂದಿನ ದಿನ ನಾ ಆ ಬೋಗಾಣ್ಯಾಗ ಲಿಂಬಿ ಉಪ್ಪಿನಕಾಯಿ ಕಲಸಿದ್ದೆ. ತಿಕ್ಕಿರಲಿಲ್ಲ. ನೀರು ತೋರಿಸಿ ಬೋರಲ ಹಾಕಿದ್ದೆ. ಬಾಯಾರು ಕೇಳಿದಾಗ ಅಲ್ಲೇ ಕುಂತಿದ್ದೆ. ಸುಮ್ಮನಿದ್ದೆ."

ಹೋಳಿಗಿ ಮಗುಚುವ ಚುಚ್ಚಕ ಹಿಡಿದ ಕೈ ನಿಂತಿತು. ಹಂಚಿನ ಮೇಲಿನ ಹೋಳಿಗಿ ಕರಕಾಗುವ ವಾಸನಿ ಬಂತು. ಕಸ್ತೂರಿ ಮೆಲ್ಲಗೆ ಬಂದು ಅದನ್ನು ತೆಗೆದಳು. ಸಿದ್ದವ್ವ ಈಗ ತಿರುಗಿದಳು. ಆಕಿಯ ಮುಖ ನಾನು ಎಂದೂ ಹಾಗೆ ನೋಡಿರಲಿಲ್ಲ.

"ಮೂರು ಸಲ ತೊಳದೆ ಬೇ ನಾನು" ಅಂದಳು. ದನಿ ಸಣ್ಣಗಿತ್ತು. "ಹನ್ನೊಂದು ವರ್ಷ. ಒಂದೊಂದು ಬೋಗಾಣಿ ಮೂರು ಮೂರು ಸಲ. ಮೊಮ್ಮಗಾ ಹುಟ್ಟಿದಾಗ ಎಲ್ಲಾರೂ ಬಾಯಿಗಿ ಒಂದ್ ಹನಿ ಹಾಲ ಬಿಟ್ರು. ನಾ ಬಿಡಲಿಲ್ಲ. ನನ್ನ ಕೈ ಒಡಕ ಐತಿ ಅಂತ ಹಿಂದ ನಿಂತೆ. ಬಸ್ಸಿನ್ಯಾಗ ನಿಂತ ಹೋಗಿದ್ದು ಬಿಡು, ಕಾಲು ನೋವು ಹೋಗ್ತೈತಿ. ನನ್ನ ಕೈ ನಾನ ನಂಬಲಿಲ್ಲಲ್ಲ ಬೇ, ನೀಲಾ!"

ನಾನು ಲಟ್ಟಣಿಗಿ ಕೆಳಗಿಟ್ಟೆ. ಬಾಗಿಲಲ್ಲಿದ್ದ ರೇಣುಕಾ ಚಿಕ್ಕಂದಿನಿಂದ ನನ್ನ ಕಥಿ ಕೇಳಿದಾಕಿ. ಹೆದರಿ ಮೆಲ್ಲಗೆ, "ಆಯಿ, ಚುರಮುರಿ ತರ್ಲೇನು?" ಅಂದಳು.

"ಚುರಮುರಿಗಿ ಹೋಗೂ ಮಾತಲ್ಲವ್ವ ಇದು" ಅಂದು ಸಿದ್ದವ್ವ ಹೊರಗೆ ಹೋಗಿ ಕಟ್ಟಿ ಮೇಲೆ ಕುಂತಳು.

ಎದ್ದು ಮನಿಗೇ ಹೋಗುತ್ತಾಳೆ ಅಂದುಕೊಂಡೆ. ಹೋಗಲಿಲ್ಲ. ಕಿಡಕಿಯಿಂದ ನೋಡಿದೆ. ತನ್ನ ಎರಡೂ ಕೈ ತೊಡಿ ಮೇಲೆ ಅಂಗಾತ ಇಟ್ಟುಕೊಂಡು ನೋಡುತ್ತ ಕುಂತಿದ್ದಳು. ಯಾರದೋ ಕೂಸನ್ನು ಕೊಟ್ಟು ಹೋಗಿದ್ದಾರೆ, ಇದು ತನ್ನದೇ ಹೌದೋ ಅಲ್ಲವೋ ಅಂತ ನೋಡುವ ಹಾಗೆ. ಬಿಸಿಲು ಗ್ವಾಡಿ ಹತ್ತಿ ಹೋಯ್ತು. ಮಗ ಶಿವಪ್ಪ ಕೆಲಸದಿಂದ ಬಂದವನು ಆಕಿಯ ಮುಖ ನೋಡಿ ಮಾತಾಡಿಸದೆ ಒಳಗೆ ಬಂದ. ನಮ್ಮನಿಯವರು ಹೊರಸಿನ ಮೇಲೆ ಕುಂತು ಸುಮ್ಮನೆ ಗಡ್ಡ ಕೆರೆದುಕೊಂಡರು. ನಾನು ಉಳಿದ ಹೋಳಿಗಿ ಬೇಯಿಸಿದೆ. ಒಂದೂ ಉಬ್ಬಲಿಲ್ಲ.

ಹೊತ್ತು ಮುಳುಗಿ ದೀಪ ಹಚ್ಚುವಾಗ ಸಿದ್ದವ್ವ ಎದ್ದು ಒಳಗೆ ಬಂದಳು.

"ಹನ್ನೊಂದು ವರ್ಷಕ್ಕ ಹನ್ನೊಂದು ದಿನ" ಅಂದಳು. "ನಾಳಿಂದ ಹುಡುಗಿ ಜೋಡಿ ಮೊದಲಿನ ಬಸ್ಸಿಗಿ ನೀ ತಾಳಿಕೋಟಿಗಿ ಹೋಗಬೇಕು. ಹೋಗಿ, ಹಾಲಿನ ಬೋಗಾಣಿ ನೀನ ತಿಕ್ಕಿ, ಹೊಳ್ಳಿ ಬರಬೇಕು. ಹನ್ನೊಂದನೇ ದಿನ ಸಂಜಿಗಿ ನನ್ನ ಮನಿಗಿ ಬಾ. ಆಗ ಹೇಳ್ತೀನಿ ಸಿಟ್ಟು ಹೋತೋ ಇಲ್ಲೋ."

"ಹೋಗ್ತೀನಿ ಯಕ್ಕಾ" ಅಂದೆ. ಅಳು ಬಂತೋ ನಗು ಬಂತೋ, ಎರಡೂ ಕೂಡಿ ಬಂದವು.

"ಅಳಬ್ಯಾಡ. ನಾ ಅಳ್ಬೇಕಾದ್ದು ನೀ ಯಾಕ ಅಳ್ತಿ? ಹಾಲ ಎಲ್ಲೈತಿ?"

ಕಸ್ತೂರಿ ಪಾತ್ರಿ ತೋರಿಸಿದಳು. ಸಿದ್ದವ್ವ ಅದನ್ನು ಒಂದೇ ಸಲ ತೊಳೆದಳು. ಹಾಲು ಹೊಯ್ದು ಒಲಿ ಮೇಲಿಟ್ಟು, ಕೈ ಕಟ್ಟಿಕೊಂಡು ನಿಂತಳು. ನಾವೆಲ್ಲ ಅವಳ ಹಿಂದೆ ನಿಂತೆವು. ಅಂಚಿನಲ್ಲಿ ಸಣ್ಣ ಗುಳ್ಳಿ ಎದ್ದವು. ಆಮೇಲೆ ಹಾಲು ಬೆಳ್ಳಗೆ, ದುಂಡಗೆ, ನಿದ್ದಿಯಿಂದ ಏಳುವ ಕೂಸಿನ ಹಾಗೆ ಮೇಲೆ ಬಂತು. ಒಡೆಯಲಿಲ್ಲ. ಸಿದ್ದವ್ವ ಉರಿ ಜಗ್ಗಿದಳು. ಒಮ್ಮೆ ಉಸಿರು ಬಿಟ್ಟಳು, ಅಷ್ಟೇ.

ಪಡಸಾಲಿಯಲ್ಲಿ ಎಲ್ಲರೂ ಸಾಲಾಗಿ ಕುಂತೆವು. ನಮ್ಮನಿಯವರು, ಶಿವಪ್ಪ, ಕಸ್ತೂರಿ, ರೇಣುಕಾ, ನಾನು. ನನ್ನಿಂದ ದೂರ, ರೇಣುಕಾನ ಆ ಕಡೆ, ಸಿದ್ದವ್ವ. ಹೋಳಿಗಿ ಮೇಲೆ ಹಾಲು ತುಪ್ಪ, ಕಟ್ಟಿನ ಸಾರು, ಎಣ್ಣಿಗಾಯಿ. ನಮ್ಮನಿಯವರು ಒಂದು ಹೋಳಿಗಿ ಎತ್ತಿ ಹಿಡಿದು, "ಇದ್ಯಾಕ ಇವತ್ತ ಹಪ್ಪಳ ಆಗೈತಿ?" ಅಂದರು. ಶಿವಪ್ಪ ತುತ್ತು ನುಂಗಲಾರದೆ ನಕ್ಕ. ಒಬ್ಬರಿಂದೊಬ್ಬರಿಗೆ ನಗು ಹತ್ತಿತು. ಸಿದ್ದವ್ವ ನಗಲಿಲ್ಲ. ತಲಿ ಬಗ್ಗಿಸಿ ಉಣ್ಣುತ್ತಲೇ, ನನ್ನ ಕಡೆ ನೋಡದೆ, ರೇಣುಕಾಗೆ ಹೇಳಿದಳು:

"ನಿಮ್ಮ ಆಯಿಗಿ ಇನ್ನೆರಡು ಹೋಳಗಿ ಹಾಕ ಬೇ. ಮುಂಜಾನಿ ಬಸ್ಸಿನ್ಯಾಗ ತಾಳಿಕೋಟಿ ತನಕಾ ನಿಂತ ಹೋಗೂದೈತಿ ಅಕಿ."